ಮಗಳಿಗೊಂದು ಪತ್ರ: ನಮ್ಮದು ಬಿಸ್ಕತ್ತಿನ ಸೀಮೆ

ಬ್ರಹ್ಮಪುರ, ಕಲಬುರಗಿ

ಪ್ರೀತಿಯ ಮಗಳೇ,

ಜಗತ್ತಿನ ಬಿಸ್ಕತ್ತು, ತಿನಿಸುಗಳಲ್ಲಿ ಯಾವುದು ಮೇಲೆಂದು ನೀನೂ ನಿನ್ನ ಕೋಣೆಯ ಗೆಳತಿಯರೂ ಸೇರಿ ಮಾಡಿದ ಪಟ್ಟಿ ಬಂತು. ಚಾಕೊಲೇಟ್ ಹೊದಿಸಿದ ಆಸ್ಟ್ರೇಲಿಯಾದ ಬಿಸ್ಕತ್ತು ಟಿಮ್ ಟ್ಯಾಮ್ ಮೊದಲು, ಕೊರಿಯಾದ ಚೋಕೊ ಪೈ ಎರಡನೆಯದು, ಕಿತ್ತಳೆ ಜೆಲ್ಲಿಯ ಮೇಲೆ ಚಾಕೊಲೇಟ್ ಹೊದಿಸಿದ ಇಂಗ್ಲೆಂಡಿನ ಜಾಫಾ ಕೇಕ್ ಮೂರನೆಯದು, ಕೆನೆ ತುಂಬಿದ ಅಮೆರಿಕದ ಪುಟ್ಟ ಕೇಕ್ ಟ್ವಿಂಕಿ ನಾಲ್ಕನೆಯದು, ನಮ್ಮ ಪಾರ್ಲೆ-ಜಿ ಕಟ್ಟಕಡೆಗೆ. ಇದನ್ನು ನಾನು ಒಪ್ಪುವುದಿಲ್ಲ. ಕಿರಾಣಿ ಅಂಗಡಿಯ ಗಲ್ಲಾ ಹಿಂದೆ ಕುಳಿತು ವಯಸ್ಸು ಕಳೆದವಳಿಗೆ ಈ ವಿಷಯದಲ್ಲಿ ಮಾತನಾಡುವ ಹಕ್ಕಿದೆ. ಮೆಲ್ಬರ್ನಿನ ಚಳಿಯಲ್ಲಿ ಕಂಬಳಿ ಹೊದ್ದು ರುಚಿ ನೋಡಿದರೆ ಟಿಮ್ ಟ್ಯಾಮ್ ಗೆಲ್ಲಲೇಬೇಕು. ಅದೇ ಸ್ಪರ್ಧೆಯನ್ನು ಮೇ ತಿಂಗಳಲ್ಲಿ ನಮ್ಮ ಅಂಗಡಿಯ ಕಟ್ಟೆಯ ಮೇಲೆ ನಡೆಸಿದರೆ ಗೆಲ್ಲುವವರು ಬೇರೆ.

ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಯಲ್ಲಿ ಕರಗುತ್ತದೆ. ಇಲ್ಲಿ ಬೇಸಿಗೆ 40 ದಾಟುವುದು ಮಾಮೂಲು. ಚಾಕೊಲೇಟ್ ಹೊದಿಸಿದ ಬಿಸ್ಕತ್ತು ತರಿಸಿದರೆ ಹಗಲು ಕರಗುತ್ತದೆ, ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ಪ್ಯಾಕೆಟ್ ಬಿಚ್ಚಿದಾಗ ಒಂದಕ್ಕೊಂದು ಅಂಟಿಕೊಂಡು, ಮೇಲೆ ಬೂದು ಬಣ್ಣದ ಪದರ ಕಟ್ಟಿರುತ್ತದೆ. ಅದು ಬೂಷ್ಟಲ್ಲ, ಕೊಬ್ಬು ಮೇಲೆ ಬಂದು ಹೆಪ್ಪುಗಟ್ಟಿದ್ದು. ತಿಂದರೆ ಏನೂ ಆಗುವುದಿಲ್ಲ, ಆದರೆ ಗಿರಾಕಿಗೆ ಅದನ್ನು ನಂಬಿಸುವುದು ಯಾರಿಂದಲೂ ಆಗದ ಕೆಲಸ. ಅದಕ್ಕೇ ಈ ಕಡೆ ನೆಲೆಯೂರಿದ್ದು ಸಿಹಿಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡ ಬೋರ್ಬನ್, ಇಲ್ಲವೇ ಏನನ್ನೂ ಹಚ್ಚಿಕೊಳ್ಳದ ಮೇರಿ. ಎರಡೂ ಹುಟ್ಟಿದ್ದು ಲಂಡನ್ನಿನ ಪೀಕ್ ಫ್ರೀನ್ಸ್ ಕಾರ್ಖಾನೆಯಲ್ಲಿ. ಮೇರಿ 1874ರಲ್ಲಿ, ರಷ್ಯಾದ ರಾಜಕುಮಾರಿ ಮರಿಯಾಳ ಮದುವೆಯ ನೆನಪಿಗೆ, ಬೋರ್ಬನ್ 1910ರಲ್ಲಿ. ಇಂಗ್ಲೆಂಡಿನಿಂದ ಬಂದದ್ದರಲ್ಲಿ ನಮ್ಮ ಬಿಸಿಲನ್ನು ತಾಳಿಕೊಂಡದ್ದು ಮಾತ್ರ ನಮ್ಮದಾಯಿತು.

ಜಾಫಾ ಕೇಕಿನ ವಿಷಯ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. 1927ರಿಂದ ಇರುವ ಈ ತಿನಿಸು ಬಿಸ್ಕತ್ತೋ ಕೇಕೋ ಎಂದು 1991ರಲ್ಲಿ ಅಲ್ಲಿನ ತೆರಿಗೆ ನ್ಯಾಯಮಂಡಳಿಯ ಮುಂದೆ ವಾದ ನಡೆಯಿತು. ಕೇಕಿಗೆ ಅಲ್ಲಿ ತೆರಿಗೆ ಇಲ್ಲ, ಚಾಕೊಲೇಟ್ ಹೊದಿಸಿದ ಬಿಸ್ಕತ್ತಿಗೆ ಇದೆ. ಹಳತಾದರೆ ಕೇಕ್ ಗಟ್ಟಿಯಾಗುತ್ತದೆ, ಬಿಸ್ಕತ್ತು ಮೆತ್ತಗಾಗುತ್ತದೆ, ಜಾಫಾ ಗಟ್ಟಿಯಾಗುತ್ತದೆ. ಇಂಥ ಲಕ್ಷಣಗಳನ್ನೆಲ್ಲ ತೂಗಿ ನೋಡಿ ಅದು ಕೇಕ್ ಎಂದೇ ತೀರ್ಪು ಬಂತು. ನಮ್ಮಲ್ಲಿ ಇಂಥ ವ್ಯಾಜ್ಯ ಹುಟ್ಟುವುದಿಲ್ಲ. ಕೇಕಿಗೂ ಬಿಸ್ಕತ್ತಿಗೂ ಒಂದೇ ಜಿಎಸ್‌ಟಿ: ಮೊದಲು ಶೇ 18 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 5.

ಆದರೆ ಆ ಗಟ್ಟಿ-ಮೆತ್ತಗಿನ ಲೆಕ್ಕವನ್ನು ನಮ್ಮ ಊರಿಗೆ ಹಚ್ಚಿ ನೋಡು. ಬಿಸ್ಕತ್ತು ಗಾಳಿಯ ತೇವವನ್ನು ಹೀರುತ್ತದೆ, ಕೇಕ್ ತನ್ನ ತೇವವನ್ನು ಗಾಳಿಗೆ ಬಿಡುತ್ತದೆ. ಮಂಗಳೂರಿನ ಚಿಕ್ಕಮ್ಮನ ಮನೆಯಲ್ಲಿ ಮಳೆಗಾಲದಲ್ಲಿ ಡಬ್ಬಿ ಮುಚ್ಚಲು ಮರೆತರೆ ಸಂಜೆಯೊಳಗೆ ಬಿಸ್ಕತ್ತು ಮೆತ್ತಗಾಗುತ್ತದೆ. ಇಲ್ಲಿ ಬೇಸಿಗೆಯಲ್ಲಿ ತೆರೆದಿಟ್ಟ ಮೇರಿ ಮರುದಿನವೂ ಟಕ್ಕೆಂದು ಮುರಿಯುತ್ತದೆ. ಬೇಕರಿಯ ಕೇಕ್ ಮಾತ್ರ ಮಧ್ಯಾಹ್ನದೊಳಗೆ ಜೋಳದ ಕಟಿ ರೊಟ್ಟಿಯಂತೆ ಒಣಗುತ್ತದೆ. ಪ್ಯಾಕೆಟ್ಟಿನ ಕೇಕನ್ನು ತಿಂಗಳುಗಟ್ಟಲೆ ಮೆತ್ತಗಿಡಲು ತೇವ ಹಿಡಿದಿಡುವ ಗ್ಲಿಸರಿನ್, ಬೂಷ್ಟು ತಡೆಯುವ ಸೋರ್ಬೇಟ್ ಎಂದು ಏನೇನೋ ಸೇರಿಸಬೇಕಾಗುತ್ತದೆ. ಬಿಸ್ಕತ್ತಿಗೆ ಅಷ್ಟೆಲ್ಲ ಬೇಕಿಲ್ಲ, ಅದರ ನೀರು ಒಲೆಯಲ್ಲೇ ಹೋಗಿರುತ್ತದೆ. ಮೇರಿಯ ಮೈಮೇಲಿನ ತೂತುಗಳು ಇರುವುದು ಆ ಹಬೆ ಹೊರಗೆ ಹೋಗಲಿ, ಬಿಸ್ಕತ್ತು ಉಬ್ಬದಿರಲಿ ಎಂದೇ. ನಮ್ಮ ಶೇಂಗಾ ಹೋಳಿಗೆ ಕಡಲೆಬೇಳೆ ಹೋಳಿಗೆಗಿಂತ ಎಷ್ಟೋ ದಿನ ಹೆಚ್ಚು ಬಾಳುವುದಕ್ಕೂ ಇದೇ ಕಾರಣ: ಹೂರಣದಲ್ಲಿ ಬೆಂದ ಬೇಳೆಯ ನೀರಿಲ್ಲ, ಹುರಿದ ಶೇಂಗಾ ಪುಡಿ ಮತ್ತು ಬೆಲ್ಲ ಅಷ್ಟೇ. ಒಣ ಸೀಮೆಯ ಜನ ಒಣಗಿಸಿ ಉಳಿಸುವುದನ್ನು ಬಲ್ಲರು. ನಮ್ಮದು ಬಿಸ್ಕತ್ತಿನ ಸೀಮೆ, ಕೇಕಿನದಲ್ಲ.

ಟ್ವಿಂಕಿಯ ಹಿಂದಿನ ಬುದ್ಧಿಯನ್ನು ಮೆಚ್ಚುತ್ತೇನೆ. ಸ್ಟ್ರಾಬೆರಿ ಸುಗ್ಗಿ ಮುಗಿದ ಮೇಲೆ ಸುಮ್ಮನೆ ಬಿದ್ದಿರುತ್ತಿದ್ದ ಅಚ್ಚುಗಳಿಗೆ ಕೆಲಸ ಕೊಡಬೇಕೆಂದು ಜೇಮ್ಸ್ ಡ್ಯೂವರ್ ಎಂಬಾತ 1930ರಲ್ಲಿ ಅದನ್ನು ಮಾಡಿದ. ಮೊದಲು ಬಾಳೆಹಣ್ಣಿನ ಕೆನೆ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಬಾಳೆಹಣ್ಣು ಸಿಗದೆ ವೆನಿಲ್ಲಾ ಆಯಿತು. ಹಾಗಿದ್ದರೂ ಸಿಹಿಯೊಳಗೆ ಸಿಹಿ ತುಂಬಿದ ತಿನಿಸಿಗೆ ಪಾರ್ಲೆ-ಜಿಗಿಂತ ಮೇಲಿನ ಜಾಗ ಕೊಟ್ಟದ್ದು ಅನ್ಯಾಯ.

ಚೋಕೊ ಪೈಗೆ ಎರಡನೆಯ ಸ್ಥಾನ ಸಲ್ಲುತ್ತದೆ. ಅಮೆರಿಕದ ಮೂನ್ ಪೈ 1917ರದು; ಆ ಜಾತಿಯ ತಿನಿಸನ್ನೇ ದಕ್ಷಿಣ ಕೊರಿಯಾದ ಓರಿಯನ್ 1974ರಲ್ಲಿ ತನ್ನದಾಗಿಸಿಕೊಂಡಿತು. ಉತ್ತರ ಕೊರಿಯಾದ ಕೇಸಾಂಗ್ ಕೈಗಾರಿಕಾ ವಲಯದಲ್ಲಿ ದಕ್ಷಿಣದ ಕಂಪನಿಗಳು ಕಾರ್ಮಿಕರಿಗೆ ಅದನ್ನು ಹಂಚುತ್ತಿದ್ದವು, ಅವರಲ್ಲಿ ಅನೇಕರು ತಿನ್ನದೆ ಉಳಿಸಿ ಮಾರುತ್ತಿದ್ದರು ಎಂಬುದನ್ನು ಓದಿದಾಗ ನನಗೆ ಗಂಟಲು ಕಟ್ಟಿತು. ಒಂದು ಎಚ್ಚರ ಮಾತ್ರ ಇರಲಿ. ಅದರ ಎರಡು ಬಿಲ್ಲೆಗಳ ನಡುವಿನ ಮೆತ್ತನೆಯ ಸಿಹಿ, ಮಾರ್ಷ್‌ಮೆಲೋ, ಸಾಮಾನ್ಯವಾಗಿ ಪ್ರಾಣಿಯ ಜೆಲಟಿನ್‌ನಿಂದ ಆಗುತ್ತದೆ. ಇಲ್ಲಿ ಲೋಟ್ಟೆ ಕಂಪನಿಯವರು ಸಸ್ಯಾಹಾರಿಯಾಗಿಯೇ ಮಾಡುತ್ತಾರೆ, ಹಸಿರು ಚುಕ್ಕಿ ಇರುತ್ತದೆ. ಅಲ್ಲಿ ಆ ಚುಕ್ಕಿ ಸಿಗದು, ಪ್ಯಾಕೆಟ್ಟಿನ ಮೇಲಿನ ಪದಾರ್ಥಗಳ ಪಟ್ಟಿ ಓದಿಯೇ ತಿನ್ನು. ಅಲ್ಲಿನ ಆ್ಯಂಜಾಕ್ ಬಿಸ್ಕತ್ತಿಗೆ ಮಾತ್ರ ಮೊಟ್ಟೆ ಹಾಕುವ ರೂಢಿಯಿಲ್ಲ. ಓಟ್ಸ್, ಕೊಬ್ಬರಿ, ಸಕ್ಕರೆ ಪಾಕ. ನಿನ್ನ ಪಟ್ಟಿಯಲ್ಲಿ ಅದು ಏಕಿಲ್ಲ?

ಇನ್ನು ಪಾರ್ಲೆ-ಜಿ. ಮುಂಬೈನ ವಿಲೆ ಪಾರ್ಲೆಯಲ್ಲಿ 1929ರಲ್ಲಿ ಮಿಠಾಯಿ ಕಾರ್ಖಾನೆಯಾಗಿ ಆರಂಭವಾದ ಕಂಪನಿ ಅದು. ಬಿಸ್ಕತ್ತು ಎಂದರೆ ವಿಲಾಯಿತಿಯಿಂದ ಬರುವ ದುಬಾರಿ ತಿನಿಸು, ಸಾಹೇಬರ ಚಹಾಕ್ಕೆ ಮೀಸಲು ಎಂಬಂತಿದ್ದ ಕಾಲದಲ್ಲಿ, 1930ರ ದಶಕದ ಕೊನೆಗೆ, ಅವರು ಬಡವರ ಕೈಗೆಟಕುವ ಗ್ಲೂಕೋಸ್ ಬಿಸ್ಕತ್ತು ಮಾಡಿದರು. ಅದನ್ನು ತಿನ್ನುವುದು ಹೇಗೆಂದು ನೋಡಬೇಕಾದರೆ ನಸುಕಿನಲ್ಲಿ ನಮ್ಮೂರ ಧಾನ್ಯದ ಮಾರುಕಟ್ಟೆ ನೆಹರು ಗಂಜ್‌ಗೆ ಹೋಗಬೇಕು. ತೊಗರಿ ಚೀಲ ಹೊರುವ ಹಮಾಲ ಐದು ರೂಪಾಯಿಯ ಪ್ಯಾಕೆಟ್ ಹರಿದು, ಎರಡು ಬಿಸ್ಕತ್ತು ಜೋಡಿಸಿ ಹಿಡಿದು ಚಹಾದಲ್ಲಿ ಅದ್ದುತ್ತಾನೆ. ಅಂಚು ಕಂದಾಗಿ, ತೇವ ಅಕ್ಷರಗಳವರೆಗೆ ಏರಿದಾಗ ಎತ್ತಿ ಬಾಯಿಗಿಡುತ್ತಾನೆ. ಇನ್ನೊಂದು ಕ್ಷಣ ತಡವಾದರೆ ಅದು ಕಪ್ಪಿನ ತಳ ಸೇರುತ್ತದೆ. ಕೊನೆಗೆ ತಳದಲ್ಲಿ ಉಳಿದ ಗಸಿಯನ್ನು ಬೆರಳಿನಿಂದ ತೆಗೆದು ತಿಂದು, ತಲೆಗೆ ಟವೆಲ್ ಸುತ್ತಿಕೊಂಡು ಚೀಲದ ಕೆಳಗೆ ಬೆನ್ನು ಕೊಡುತ್ತಾನೆ. ಅವನ ಪಾಲಿಗೆ ಅದು ಬೆಳಗಿನ ಊಟ. 2020ರ ಲಾಕ್‌ಡೌನಿನಲ್ಲಿ ಮುಂಬೈ, ಪುಣೆಗಳಿಂದ ನಮ್ಮ ಕಲಬುರಗಿ, ಯಾದಗಿರಿಯ ಕೂಲಿಕಾರರು ಮರಳಿ ಬಂದಾಗ ಜನ ಅವರ ಕೈಗಿಟ್ಟದ್ದೂ ಇದನ್ನೇ. ಬೇಯಿಸುವುದು ಬೇಡ, ಹಲ್ಲು ಬೇಡ, ನೀರಲ್ಲಿ ಕಲಸಿದರೆ ಕೂಸೂ ತಿನ್ನುತ್ತದೆ. ಇಷ್ಟು ಕೆಲಸ ಮಾಡುವ ಬಿಸ್ಕತ್ತು ನಿನ್ನ ಪಟ್ಟಿಯಲ್ಲಿ ಇನ್ನೊಂದಿದ್ದರೆ ಹೇಳು.

ಬರೀ ರುಚಿಯನ್ನೇ ನೋಡುವುದಾದರೆ ನಾನು ಪಾರ್ಲೆ-ಜಿಯನ್ನೂ ಬಿಟ್ಟು ಒಸ್ಮಾನಿಯಾಕ್ಕೆ ಮೊದಲ ಸ್ಥಾನ ಕೊಡುತ್ತೇನೆ. ಹೈದರಾಬಾದಿನ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಹೆಸರು ಹೊತ್ತದ್ದು. 1948ರವರೆಗೆ ನಾವೂ ಅದೇ ಸಂಸ್ಥಾನದವರು. ಮೊದಲು ಉಪ್ಪು ನಾಲಿಗೆಗೆ ಸಿಗುತ್ತದೆ, ಆಮೇಲೆ ಸಕ್ಕರೆ, ಕೊನೆಗೆ ಬೆಣ್ಣೆ. ಚಾಕೊಲೇಟ್ ಇಲ್ಲ, ಕೆನೆ ಇಲ್ಲ, ಕರಗುವ ಭಯವಿಲ್ಲ. ಇದನ್ನು ಪಟ್ಟಿಯಲ್ಲೇ ಸೇರಿಸದೆ ನೀನು ನಿನ್ನ ಗೆಳತಿಯರಿಗೂ ಮೋಸ ಮಾಡಿದ್ದೀಯ.

ಅದಕ್ಕೇ ಒಂದು ಪಾರ್ಸೆಲ್ ಕಟ್ಟುತ್ತಿದ್ದೇನೆ. ಆಸ್ಟ್ರೇಲಿಯಾದವರು ಹೊರಗಿನ ತಿನಿಸಿನ ವಿಷಯದಲ್ಲಿ ಬಿಗಿ ಎಂದು ಕೇಳಿದ್ದೇನೆ, ಒಳಗಿರುವುದನ್ನೆಲ್ಲ ಬಿಡಿಸಿ ಬರೆದು ಅಂಟಿಸುತ್ತೇನೆ. ಒಸ್ಮಾನಿಯಾ ಬೇಗ ಪುಡಿಯಾಗುತ್ತದೆ, ತಗಡಿನ ಡಬ್ಬಿಯಲ್ಲಿ ಕಾಗದ ತುರುಕಿ ಇಟ್ಟಿದ್ದೇನೆ. ಚಹಾ ಗಟ್ಟಿಯಾಗಿ ಕುದಿಸಿ ಅದರ ಜೊತೆಗೇ ಕೊಡು, ಬರಿದೇ ತಿನ್ನಿಸಬೇಡ. ನೀನು ಟಿಮ್ ಟ್ಯಾಮ್ ಕಳಿಸುವುದಾದರೆ ಡಿಸೆಂಬರಿನಲ್ಲಿ ಇಲ್ಲಿ ಮುಟ್ಟುವಂತೆ ಕಳಿಸು. ಶೇಂಗಾ ಹೋಳಿಗೆಯನ್ನೂ ಇಟ್ಟಿದ್ದೇನೆ. ಗೆಳತಿಯರಿಗೆ ಕೊಡುವ ಮೊದಲು ಶೇಂಗಾ ಅಲರ್ಜಿ ಯಾರಿಗಾದರೂ ಇದೆಯೇ ಎಂದು ಕೇಳು. ಅದು ಸಣ್ಣ ಮಾತಲ್ಲ.

ನಿನ್ನ ಅವ್ವ