ಮನೆ ಭೇಟಿಗೆ ಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಸೇರಿದೆಯಂತೆ, ಸಂತೋಷ. ಬಾಲನ್ಯಾಯ ಕಾಯ್ದೆ ನಿನಗೆ ಗೊತ್ತೇ ಇದೆ: ಮನೆ ಬಿಟ್ಟು ಬಂದು ಸಿಕ್ಕ ಮಗುವನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು, ಮಗುವಿನ ಮನೆ, ಹಿನ್ನೆಲೆ ತಿಳಿಯುವ ಸಾಮಾಜಿಕ ತನಿಖೆ 15 ದಿನದಲ್ಲಿ ಮುಗಿಯಬೇಕು. ಆ 15 ದಿನದಲ್ಲಿ ಮಾಡುವ ಮನೆ ಭೇಟಿ ಕೆಟ್ಟರೆ, ಮನೆಗೆ ಕಳಿಸಿದ ಹುಡುಗ ಮತ್ತೆ ರೈಲ್ವೆ ಸ್ಟೇಷನ್ನಿನಲ್ಲೇ ಸಿಗುತ್ತಾನೆ.

ಇಲಾಖೆ ಜೀಪನ್ನು ಬಾಗಿಲವರೆಗೆ ಒಯ್ಯಬೇಡ, ಓಣಿಯ ತುದಿಯಲ್ಲೇ ಇಳಿ. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ (ಪೋಕ್ಸೋ) ಪ್ರಕರಣವಾದರಂತೂ ಜೀಪು ನಿಂತ ಗಳಿಗೆಗೇ ಗುಟ್ಟು ರಟ್ಟಾಗುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಅಜ್ಜಿ ಒಬ್ಬಳೇ ಸಿಗುತ್ತಾಳೆ. ಕೂಲಿ ಮುಗಿಸಿ ಬಂದ ಮೇಲೆ ಹೋಗು, ತಾಯಿಯ ಹತ್ತಿರ ಬೇರೆಯಾಗಿ ಮಾತಾಡು.

"ಮಗ ಯಾಕೆ ಓಡಿಹೋದ?" ಅಂತ ಕೇಳಿದರೆ "ಸಹವಾಸ ಸರಿಯಿಲ್ಲ ಸರ್" ಅಂತಾರೆ, ವರದಿಯಲ್ಲೂ ಅದೇ ಕೂತುಬಿಡುತ್ತದೆ. ಬದಲಿಗೆ ಸಾಲ ಎಷ್ಟಿದೆ, ಯಾರ ಹತ್ತಿರ, ಸಂಘದ ಕಂತು ಯಾವ ವಾರ ಅಂತ ಕೇಳು. ಹುಡುಗ ಎಲ್ಲಿ ಮಲಗುತ್ತಿದ್ದ ತೋರಿಸಿ ಅನ್ನು. ಒಂದೇ ಕೋಣೆ, ಕುಡಿದು ಬರುವ ಮಲತಂದೆ, ಹುಡುಗನ ಚಾಪೆ ಪಕ್ಕದ ಅಂಗಡಿಯ ಜಗಲಿ ಮೇಲೆ: ಉತ್ತರ ಅಲ್ಲೇ ಇರುತ್ತದೆ.

ಕೂಲಿಗೆ ಆಳು ಒಯ್ಯುವ ಮೇಸ್ತ್ರಿಯಿಂದ ಮುಂಗಡ ತಗೊಂಡಿದ್ದಾರೋ ಇಲ್ಲವೋ ತಪ್ಪದೆ ತಿಳಿದುಕೋ. ಹುಡುಗನ ದುಡಿಮೆಯ ಲೆಕ್ಕದಲ್ಲಿ ಹಣ ಬಂದಿದ್ದರೆ, ಅವನು ಊರು ಮುಟ್ಟಿದ ಬೆನ್ನಿಗೇ ಮೇಸ್ತ್ರಿಯೂ ಬರುತ್ತಾನೆ. ಅದನ್ನು ಮನೆಯವರ ಬೇಜವಾಬ್ದಾರಿ ಅಂತ ಬರೆದು ಕೈ ತೊಳೆದುಕೊಳ್ಳುವವರೇ ಹೆಚ್ಚು. ಅದು ಜೀತ. ಉಪವಿಭಾಗಾಧಿಕಾರಿಗೆ ಬರೆದು ಬಿಡುಗಡೆ ಪತ್ರ ಮಾಡಿಸು; 1976ರ ಜೀತ ರದ್ದತಿ ಕಾಯ್ದೆಯಡಿ ಆ ಸಾಲವೂ ರದ್ದು. ಪತ್ರ ಕೈಗೆ ಬರುವ ಮುಂಚೆ ಮಗುವನ್ನು ಕಳಿಸುವ ಅವಸರ ಬೇಡ.

ಮಗು ಮನೆಯಲ್ಲೇ ಉಳಿಯಲೆಂದು ಸರ್ಕಾರ ಕೊಡುವ ಪ್ರಾಯೋಜಕತ್ವದ ತಿಂಗಳ 4,000 ರೂಪಾಯಿಯ ಮಾತನ್ನು ಮೊದಲ ದಿನವೇ ಎತ್ತಬೇಡ. ತಂದೆಯಿಲ್ಲದ್ದು, ಕಾಯಿಲೆ, ಹೀಗೆ ಅರ್ಹತೆಯ ಕಾರಣ ಇರಬೇಕು. ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ಮೀರಬಾರದು. ನಾಡಕಚೇರಿಯ ಆದಾಯ ಪ್ರಮಾಣಪತ್ರ ಸಿಕ್ಕರೂ ಕಡತ ನಿಲ್ಲುವುದು ಹೆಸರಿನಲ್ಲಿ. ಶಾಲೆ ದಾಖಲೆಯಲ್ಲಿ ಮಂಜುನಾಥ, ಆಧಾರ್‌ನಲ್ಲಿ ಮಂಜ, ಬ್ಯಾಂಕ್ ಪುಸ್ತಕದಲ್ಲಿ ಇನ್ನೇನೋ. ಮೊದಲ ಭೇಟಿಯಲ್ಲೇ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡು.

ಶಾಲೆಗೆ ಸೇರಿಸಲು ಎಸ್‌ಎಟಿಎಸ್ ಸಂಖ್ಯೆ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಹುಡುಕು. ಎಂಟನೇ ತರಗತಿವರೆಗೆ ಟಿಸಿ ತಡವಾಯಿತೆಂದು ದಾಖಲಾತಿ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ 5ನೇ ಕಲಂ ತೋರಿಸು. ಹದಿನಾರರ ಹುಡುಗನನ್ನು ಮಾತ್ರ ಚಿಕ್ಕ ಮಕ್ಕಳ ಬೆಂಚಿನಲ್ಲಿ ಕೂರಿಸಬೇಡ, ನಾಲ್ಕು ದಿನ ನಿಲ್ಲುವುದಿಲ್ಲ. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿಸಬಹುದೇ ನೋಡು.

ಕಳಿಸಿದ ಮೊದಲ ಹದಿನೈದು ದಿನದೊಳಗೆ ಒಮ್ಮೆ ಹೋಗಿ ಬಾ. ಫೋನಿನಲ್ಲಿ ಎಲ್ಲರೂ "ಚೆನ್ನಾಗಿದಾನೆ ಸರ್" ಅಂತಲೇ ಹೇಳೋದು.

ಇಂತಿ,
ನಿನ್ನ ಗೆಳೆಯ