ಯೂಜೀನ್ ಶೂಮೇಕರ್ ಬಗ್ಗೆ ತಂಗಿಗೊಂದು ಪತ್ರ

ನೋರ್ಡ್ಲಿಂಗೆನ್, ಜರ್ಮನಿ

ಪ್ರೀತಿಯ ಪುಟ್ಟಿ,

ನೀನು ಭೂವಿಜ್ಞಾನ ತಗೊಂಡಿದ್ದೀಯ ಅಂತ ಅಮ್ಮ ಹೇಳಿದಳು. ತುಂಬ ಖುಷಿಯಾಯಿತು. ನಿನಗೆ ಭೂವಿಜ್ಞಾನಿ ಯೂಜೀನ್ ಶೂಮೇಕರ್ ಬಗ್ಗೆ ಬರೆಯಲೇಬೇಕು ಅನ್ನಿಸಿತು. ನಾನಿರುವ ಈ ಊರೇ ಅವರ ಕಥೆಯಲ್ಲಿ ಬರುತ್ತದೆ.

ಸುಮಾರು 24 ಕಿ.ಮೀ. ಅಗಲದ ದುಂಡನೆಯ ತಗ್ಗು, ಸುತ್ತ ಗುಡ್ಡ, ಒಳಗೆ ಈ ಊರು. ಇದು ಜ್ವಾಲಾಮುಖಿಯ ಕೆಲಸ ಅಂತಲೇ ಹೆಚ್ಚಿನವರು ನಂಬಿದ್ದರು. ಇಲ್ಲಿ ಸಿಗುವ ಸ್ವೇವೈಟ್ ಅನ್ನೋ ಕಲ್ಲು ನೋಡಿದರೆ ಹಾಗೇ ಅನ್ನಿಸುತ್ತದೆ. ಊರಿನ ದೊಡ್ಡ ಚರ್ಚನ್ನು ಕಟ್ಟಿರುವುದೂ ಅದೇ ಕಲ್ಲಿನಿಂದ.

ಶೂಮೇಕರ್ ಅಮೆರಿಕದವರು. ನೆವಾಡದಲ್ಲಿ ಅಣುಬಾಂಬ್ ಪರೀಕ್ಷೆಯಿಂದಾದ ಗುಂಡಿಗಳನ್ನು ನೋಡಿ, ಅರಿಜೋನಾದ ಮೀಟಿಯರ್ ಕ್ರೇಟರ್ ಅನ್ನೋ ದೊಡ್ಡ ಕುಳಿಯ ಜೊತೆ ಹೋಲಿಸಿದ್ದರು. ಎರಡೂ ಕಡೆ ಕಲ್ಲಿನ ಪದರಗಳು ಒಂದೇ ರೀತಿ ಮಗುಚಿ ಬಿದ್ದಿದ್ದವು. 1960ರಲ್ಲಿ ಅವರೂ ಎಡ್ವರ್ಡ್ ಚಾವೋ ಅವರೂ ಸೇರಿ ಅರಿಜೋನಾದ ಆ ಕುಳಿಯ ಕಲ್ಲಲ್ಲಿ ಕೋಸೈಟ್ ಅನ್ನೋ ಖನಿಜ ತೋರಿಸಿದರು. ಕ್ವಾರ್ಟ್ಜ್ ವಿಪರೀತ ಒತ್ತಡಕ್ಕೆ ಸಿಕ್ಕಿದರೆ ಕೋಸೈಟ್ ಆಗುತ್ತದೆ. ನೆಲದ ಮೇಲೆ ಯಾವ ಜ್ವಾಲಾಮುಖಿಗೂ ಅಷ್ಟು ಶಕ್ತಿ ಇಲ್ಲ. ಆಮೇಲೆ ಇಲ್ಲಿನ ಸ್ವೇವೈಟಿನಲ್ಲೂ ಅದೇ ಸಿಕ್ಕಿತು. ಸುಮಾರು 1.5 ಕೋಟಿ ವರ್ಷದ ಹಿಂದೆ ಆಕಾಶದಿಂದ ಬಂಡೆ ಬಿದ್ದು ಈ ತಗ್ಗು ಆಯಿತು ಅನ್ನೋದು ಖಚಿತವಾಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ಹರಳು ಎಷ್ಟು ದೊಡ್ಡ ವಾದ ಮುಗಿಸಿತು, ಅಲ್ವಾ?

ಶೂಮೇಕರ್ ಅವರಿಗೆ ಚಂದ್ರನ ಮೇಲೆ ತಾವೇ ನಡೆಯುವ ಆಸೆ ಇತ್ತು. ಅಡಿಸನ್ ಅನ್ನೋ ಗ್ರಂಥಿಯ ಕಾಯಿಲೆಯಿಂದ ಅದು ಆಗಲಿಲ್ಲ. ಅವರು ಸುಮ್ನೆ ಕೂರಲಿಲ್ಲ. ಅಪೊಲೊ ಗಗನಯಾತ್ರಿಗಳಿಗೆ ಕಲ್ಲು ಓದುವುದನ್ನು ಕಲಿಸಿದರು. 1970ರಲ್ಲಿ ಅಪೊಲೊ 14ರ ತಂಡದವರು ತರಬೇತಿಗೆ ಇಲ್ಲಿಗೇ ಬಂದಿದ್ದರು. ಶೂಮೇಕರ್ ಅವರ ಜೀವನದಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಈ ಭಾಗವೇ. 1992ರಲ್ಲಿ ಅವರಿಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಬಂತು.

ಹೆಂಡತಿ ಕ್ಯಾರೊಲಿನ್ ಮತ್ತು ಡೇವಿಡ್ ಲೆವಿ ಜೊತೆ 1993ರಲ್ಲಿ ಕಂಡುಹಿಡಿದ ಧೂಮಕೇತು ಮರುವರ್ಷ ಗುರುಗ್ರಹಕ್ಕೆ ಅಪ್ಪಳಿಸಿತು. ಅವರು ಜೀವನವಿಡೀ ಹೇಳಿದ್ದ ಘಟನೆಯನ್ನು ಜಗತ್ತೇ ಕಣ್ಣಾರೆ ನೋಡಿತು. 1997ರಲ್ಲಿ ಆಸ್ಟ್ರೇಲಿಯಾದಲ್ಲಿ ಕುಳಿಗಳ ಅಧ್ಯಯನಕ್ಕೆ ಹೋಗಿದ್ದಾಗ ಕಾರು ಅಪಘಾತದಲ್ಲಿ ತೀರಿಕೊಂಡರು. ಅವರ ಚಿತಾಭಸ್ಮದ ಸ್ವಲ್ಪ ಭಾಗ 1999ರಲ್ಲಿ ಲೂನಾರ್ ಪ್ರಾಸ್ಪೆಕ್ಟರ್ ನೌಕೆಯೊಂದಿಗೆ ಚಂದ್ರನನ್ನು ಸೇರಿತು.

ಖನಿಜಗಳ ಪಾಠದಲ್ಲಿ ಕೋಸೈಟ್ ಬಂದರೆ ಬೇಗ ಪುಟ ತಿರುಗಿಸಬೇಡ. ಏನಾದರೂ ಕೇಳಬೇಕಿದ್ದರೆ ಬರೆ. ಇಲ್ಲಿನ ಕುಳಿಯ ಮ್ಯೂಸಿಯಂನಲ್ಲಿ ವಿಚಾರಿಸಿ ತಿಳಿಸುತ್ತೇನೆ. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಇಂತಿ,
ನಿನ್ನ ಅಣ್ಣ