ರಾತ್ರಿ ಪಾಳಿಯ ಲೆಕ್ಕ

ಚಿರಂಜೀವಿ ವಿನಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ದಿನವೂ ವಾರ್ಡಿನಿಂದ ಹೊರಡುವುದು ಒಂದು ಗಂಟೆ ತಡವಾಗುತ್ತದೆ, ಆದರೆ ಎಕ್ಸೆಪ್ಷನ್ ರಿಪೋರ್ಟ್, ಅಂದರೆ ನಿಗದಿತ ವೇಳೆ ಮೀರಿ ದುಡಿದೆನೆಂಬ ವರದಿ, ಹಾಕಿದರೆ ಕೈ ನಿಧಾನದವನು ಎಂದುಕೊಂಡಾರು ಎಂದು ಮೊನ್ನೆ ಫೋನಿನಲ್ಲಿ ಅಂದೆಯಲ್ಲ, ಆ ಮಾತು ಮನಸ್ಸಿನಲ್ಲೇ ಉಳಿದದ್ದರಿಂದ ಈ ಪತ್ರ.

ಮೊದಲು ನಿನ್ನ ಕೆಲಸದ ಗಂಟೆಗಳನ್ನು ಬರೆದುಕೊಟ್ಟ ವರ್ಕ್ ಷೆಡ್ಯೂಲನ್ನು ಸಂಬಳದ ಚೀಟಿಯ ಪಕ್ಕದಲ್ಲಿಟ್ಟುಕೊಂಡು ಓದು. ಇಂಗ್ಲೆಂಡಿನಲ್ಲಿ ನಿಮ್ಮಂಥ ಕಿರಿಯ ವೈದ್ಯರ 2016ರ ಒಪ್ಪಂದದಂತೆ ಮೂಲವೇತನ ವಾರಕ್ಕೆ 40 ಗಂಟೆಗೆ ಮಾತ್ರ. ರೋಟಾದ, ಅಂದರೆ ಪಾಳಿ ಪಟ್ಟಿಯ, ವಾರದ ಸರಾಸರಿ 46 ಆದರೆ ಮಿಕ್ಕ 6 ಗಂಟೆಗೂ ಅದೇ ದರ ಸಿಗುತ್ತದೆಯೇ ಹೊರತು, ಹೆಚ್ಚುವರಿ ಎಂಬ ಕಾರಣಕ್ಕೆ ಒಂದೂವರೆ ಪಟ್ಟು ಸಿಗುವುದಿಲ್ಲ. ಹೆಚ್ಚಳ ಇರುವುದು ರಾತ್ರಿ 9ರಿಂದ ಬೆಳಿಗ್ಗೆ 7ರವರೆಗಿನ ದುಡಿಮೆಗೆ, ಶೇ. 37. ಇದರಲ್ಲೊಂದು ಸೂಕ್ಷ್ಮವಿದೆ: ಎಂಟು ಗಂಟೆಗೆ ಕಡಿಮೆಯಿಲ್ಲದ ಪಾಳಿಯೊಂದು ರಾತ್ರಿ 8ರಿಂದ ಮಧ್ಯರಾತ್ರಿಯೊಳಗೆ ಆರಂಭವಾದರೆ ಬೆಳಿಗ್ಗೆ 10ರವರೆಗಿನ ಅಷ್ಟೂ ಗಂಟೆಗಳಿಗೆ ಆ ಹೆಚ್ಚಳ ಸೇರುತ್ತದೆ, ಏಳೂವರೆಗೇ ಆರಂಭವಾದರೆ 9ರಿಂದ 7ರ ನಡುವಿನ ಹತ್ತು ಗಂಟೆಗಳಿಗಷ್ಟೇ. ಆದ್ದರಿಂದ ಪಾಳಿಯ ಆರಂಭವನ್ನು ಅರ್ಧ ಗಂಟೆ ಹಿಂದೆ ಸರಿಸಿದ ರೋಟಾ ಬಂದರೆ ಎರಡು ಸಲ ನೋಡು. ವಾರಾಂತ್ಯದ ಭತ್ಯೆ ಎರಡು ವಾರಕ್ಕೊಮ್ಮೆ ದುಡಿದರೆ ಮೂಲವೇತನದ ಶೇ. 15, ಎಂಟು ವಾರಕ್ಕೊಮ್ಮೆಯಾದರೆ ಶೇ. 3, ಶನಿವಾರ ಎಷ್ಟು ಹೊತ್ತು ನಿಂತೆ ಎಂಬುದು ಅದಕ್ಕೆ ಲೆಕ್ಕವಿಲ್ಲ, ಇದು ನನಗಂತೂ ನ್ಯಾಯವೆನ್ನಿಸಿಲ್ಲ.

ಇವೆಲ್ಲ ರೋಟಾದಲ್ಲಿ ಬರೆದ ಗಂಟೆಗಳ ಮಾತು. ಬರೆಯದ ಗಂಟೆಗೆ ಹಣವೋ ಬದಲಿ ರಜೆಯೋ ಸಿಗಬೇಕಾದರೆ ನೀನು ವರದಿ ಹಾಕಲೇಬೇಕು. ವಾರದ ಸರಾಸರಿ 48 ಗಂಟೆ ಮೀರಿದಾಗ, ಅಥವಾ ಸತತ 168 ಗಂಟೆಗಳ ಅವಧಿಯಲ್ಲಿ 72 ಗಂಟೆ ಮೀರಿ ದುಡಿಸಿದಾಗ, ಆಸ್ಪತ್ರೆಗೆ ದಂಡ ಹಾಕಲು, ವೈದ್ಯರ ಗಂಟೆಗಳ ಮೇಲೆ ಕಣ್ಣಿಡುವ ಗಾರ್ಡಿಯನ್ ಒಬ್ಬರಿದ್ದಾರೆ. ಆದರೆ ಅವರ ಮೇಜಿಗೆ ಕಾಗದ ಬಾರದೆ ಅವರೇನು ಮಾಡಿಯಾರು?

ನನ್ನ ಕಾಲದಲ್ಲಿ, 2000ದ ಡಿಸೆಂಬರಿನಲ್ಲಿ ಜಾರಿಗೆ ಬಂದ ಬ್ಯಾಂಡಿಂಗ್ ಪದ್ಧತಿಯಿತ್ತು. ಎರಡು ವಾರ ಎಲ್ಲರೂ ಬಂದ ವೇಳೆ, ಹೋದ ವೇಳೆ ಬರೆದುಕೊಡಬೇಕು. ಅದರ ಮೇಲೆ ಇಡೀ ರೋಟಾದ ಭತ್ಯೆ ನಿಗದಿಯಾಗುತ್ತಿತ್ತು, ನಿಯಮ ಮೀರಿದ ರೋಟಾಕ್ಕೆ ಮೂಲವೇತನದ ಶೇ. 100ರವರೆಗೆ. ಒಂದು ಸಂಜೆ ಏಳು ನಲವತ್ತಕ್ಕೆ, ಡ್ರಿಪ್ ಬದಲಿಸಿ ಬಂದವನು ಕೋಟು ಹಾಕಿಕೊಂಡೇ ಕಾರ್ಡು ತುಂಬುತ್ತಿದ್ದೆ. ಹಿಂದೆ ನಿಂತಿದ್ದ ಹಿರಿಯರೊಬ್ಬರು, ಬೇರೆಯವರೆಲ್ಲ ಐದು ಎಂದು ಬರೆದಿದ್ದಾರೆ ಎಂದಷ್ಟೇ ಹೇಳಿದರು. ನಾನೂ ಐದು ಎಂದೇ ಬರೆದೆ. ಭತ್ಯೆ ಹೋದದ್ದು ಹಾಗಿರಲಿ, ನನ್ನ ನಂತರ ಆ ಹುದ್ದೆಗೆ ಬಂದ ಹುಡುಗಿ ಇನ್ನೊಬ್ಬ ವೈದ್ಯರು ಬೇಕೆಂದು ಕೇಳಿದಾಗ, ಇಲ್ಲಿ ಎಲ್ಲರೂ ಐದಕ್ಕೇ ಮನೆಗೆ ಹೋಗುತ್ತಾರಲ್ಲ ಎಂದು ಅವಳಿಗೆ ತೋರಿಸಿದ್ದು ನನ್ನ ಕೈಬರಹವನ್ನೂ ಸೇರಿಸಿ.

2024ರಿಂದ ನಿಮ್ಮನ್ನು ಜೂನಿಯರ್ ಎನ್ನದೆ ರೆಸಿಡೆಂಟ್ ಎನ್ನುತ್ತಾರೆ. ಹೆಸರು ಬದಲಾದರೂ ಏಳು ನಲವತ್ತು ಏಳು ನಲವತ್ತೇ. ನಾಳೆ ತಡವಾದರೆ ವೇಳೆ, ಕಾರಣ ಎರಡನ್ನೂ ಅಂದೇ ಬರೆದು ಕಳಿಸು, ಆಮೇಲೆ ನನಗೊಂದು ಫೋನ್ ಮಾಡು.

ಇಂತು,
ನಿನ್ನ ಮಾವ